ಕಂಬ ಹಿಡಿದವನಿಗೆ ಹೇಳಿದ ಸುಳ್ಳು

ನಿಂಗಯ್ಯನವರು ಅವತ್ತು ಟಿವಿಯಲ್ಲಿ ಬಂದಿದ್ದರು. ನಾನು ಕಣ್ಣಾರೆ ನೋಡಿದೆ. ಅವರ ಮಗ ಕೇಳಿದಾಗ ಬರಲಿಲ್ಲ ಅಂದೆ. ಮೂವತ್ತು ವರ್ಷದ ಮೇಲಾಯಿತು.

ದಿನಾ ಇಲ್ಲಿ ಫೇಸ್‌ಬುಕ್ಕಿನಲ್ಲಿ ಯಾರಿಗಾದರೂ ಬುದ್ಧಿ ಹೇಳುವವನು ನಾನು — ಬಸ್ಸು ತಡ, ರಸ್ತೆ ಗುಂಡಿ, ಹೋಟೆಲಿನ ಚಟ್ನಿ ನೀರು. ಇವತ್ತು ನನ್ನ ಸರದಿ. ನಮ್ಮೂರು ಹದಿನಾರಿನ ವಾಟ್ಸಾಪ್ ಗ್ರೂಪಿಗೂ ಇದನ್ನು ಹಾಕುತ್ತಿದ್ದೇನೆ, ಯಾಕಂದರೆ ಆ ಸುಳ್ಳಿನಿಂದ ಒಬ್ಬ ಮನುಷ್ಯ ನಗೆಪಾಟಲಾದದ್ದು ಊರೆಲ್ಲರ ಮುಂದೆ.

ಸಿದ್ದರಾಜು, ನಿಂಗಯ್ಯನವರ ಮಗ, ನನ್ನ ಜೊತೆ ಓದಿದವನು. ನಂಜನಗೂಡಿನ ಕಾಲೇಜಿಗೆ ಒಂದೇ ಬಸ್ಸು, ಒಂದೇ ಸೀಟು, ಒಂದೇ ಡಬ್ಬಿಯ ಚಿತ್ರಾನ್ನ. ಊರಲ್ಲಿ ಇಳಿದ ಮೇಲೆ ಮಾತ್ರ ಅವನು ನಮ್ಮ ಹೊಸಿಲು ದಾಟುವ ಹಾಗಿರಲಿಲ್ಲ. ಜಾತಿ. ಬೇರೆ ಪದ ಹುಡುಕುವುದಿಲ್ಲ. ಊರಿಗೆ ಆಗ ನಮ್ಮದೊಂದೇ ಟಿವಿ. ಅವನು ಕಿಟಕಿಯ ಆಚೆ ನಿಂತು ನೋಡುತ್ತಿದ್ದ, ನಾನು ಈಚೆ ಚಾಪೆಯ ಮೇಲೆ ಕೂತು ನೋಡುತ್ತಿದ್ದೆ. ಇಬ್ಬರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ — ಅವನಿಗೆ ಅನ್ನಿಸುತ್ತಿತ್ತೋ ಏನೋ. ನಾನು ಕೇಳಿದವನಲ್ಲ.

ಆ ವರ್ಷ ದಸರಾ ರಜೆ. ನಿಂಗಯ್ಯನವರ ತಮಟೆ ತಂಡಕ್ಕೆ ಮೈಸೂರಿನ ಮೆರವಣಿಗೆಯಲ್ಲಿ ಜಾಗ ಸಿಕ್ಕಿತ್ತು. ವಾರದಿಂದ ಸಿದ್ದರಾಜುವಿನ ಬಾಯಲ್ಲಿ ಅದೇ ಮಾತು. ವಿಜಯದಶಮಿಯ ಸಂಜೆ ನೇರ ಪ್ರಸಾರ. ಆದರೆ ಹಿಂದಿನ ದಿನ ಕೋತಿಗಳು ಹತ್ತಿ ಜೋತಾಡಿ, ಹಿತ್ತಲಿನ ಆಂಟೆನಾ ಕಂಬ ಸಡಿಲವಾಗಿತ್ತು. ಟಿವಿ ಹಾಕಿದರೆ ಬರೀ ಗರ್ರ್ ಅನ್ನುವ ಸದ್ದು, ಇರುವೆ ಮುತ್ತಿದ ಹಾಗೆ ಚುಕ್ಕಿ. ಸಿದ್ದರಾಜು ಹೋಗಿ ಕಂಬ ಹಿಡಿದು ತಿರುಗಿಸಿದ.

"ಬಂತೇನ್ಲಾ?"

"ಬಂತು, ಬಂತು! ಬುಡ್ಬೇಡ, ಅಂಗೇ ಇಡ್ಕೊ!"

ಆ ಕಾಲದ ಟಿವಿ ನೋಡಿದವರಿಗೆ ಗೊತ್ತು — ಮನುಷ್ಯನ ಕೈ ಕಂಬದ ಮೇಲಿದ್ದರೆ ಚಿತ್ರ ನಿಲ್ಲುತ್ತದೆ, ಕೈ ತೆಗೆದರೆ ಹೋಗುತ್ತದೆ. ಎರಡು ಸಾರಿ ಬಿಟ್ಟು ನೋಡಿದ. ಎರಡು ಸಾರಿಯೂ ಹೋಯಿತು. ಅಜ್ಜಿ ಒಳಗಿಂದ ಗದರಿದರು, "ಯಾವನ್ಲಾ ಅವ್ನು, ಅಂಬಾರಿ ಬರೋ ಒತ್ನಲ್ಲಿ! ಅಂಗೇ ನಿಂತ್ಕಳಕ್ಕೇಳು!"

ಸಿದ್ದರಾಜು ನಿಂತ. ನನಗೆ ಹೇಳಿದ್ದು ಒಂದೇ ಮಾತು: "ಲೇ ಮಾದೇಶ, ನಮ್ಮಪ್ಪ ಬಂದ್ರೆ ಕೂಗ್ಲಾ."

ನಿಂಗಯ್ಯ ಬಂದರು. ತಲೆಗೆ ಪೇಟ, ಸೊಂಟದ ಹತ್ತಿರ ತಮಟೆ. ಕ್ಯಾಮೆರಾ ಅವರ ಮುಖದ ಹತ್ತಿರಕ್ಕೇ ಹೋಯಿತು. ಅವರು ತಲೆ ಎತ್ತಿ ನೋಡಿ ನಕ್ಕರು, ಮುಂದಿನ ಒಂದು ಹಲ್ಲು ಇಲ್ಲದ್ದೂ ಕಾಣುವ ಹಾಗೆ. ಚಿಕ್ಕಪ್ಪ ಬಾಗಿಲ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದರು. ಅಜ್ಜಿಗೆ ಕಣ್ಣು ಮಂಜು. ಆನೆಯಾದರೆ ಮಾತ್ರ ಗೊತ್ತಾಗುತ್ತಿತ್ತು. ಅಮ್ಮ ಒಲೆ ಮುಂದೆ. ನೋಡಿದವನು ನಾನೊಬ್ಬನೇ.

ಬಾಯಿ ತೆರೆದೆ, ಕೂಗಲಿಲ್ಲ. ಕೂಗಿದರೆ ಅವನು ಕಂಬ ಬಿಟ್ಟು ಓಡಿ ಬರುತ್ತಾನೆ, ಚಿತ್ರ ಹೋಗುತ್ತದೆ, ಅಷ್ಟರಲ್ಲಿ ಅಂಬಾರಿ ಬಂದುಬಿಟ್ಟರೆ ಅಜ್ಜಿಯ ಬಾಯಿಗೆ ನಾನು — ಇಷ್ಟೇ ಲೆಕ್ಕ. ಅಂಬಾರಿ ಬಂತು. ಅಜ್ಜಿ ಕೈ ಮುಗಿದರು. ಎಲ್ಲಾ ಮುಗಿದ ಮೇಲೆ ಸಿದ್ದರಾಜು ಕೈ ಉಜ್ಜಿಕೊಳ್ಳುತ್ತಾ ಕಿಟಕಿಗೆ ಬಂದ. ಅಂಗೈಗೆ ಕಂಬದ ತುಕ್ಕು ಮೆತ್ತಿತ್ತು.

"ನಮ್ಮಪ್ಪ?"

"ಇಲ್ಲ ಕಣ್ಲಾ. ತೋರಿಸ್ನಿಲ್ಲ."

ಅಷ್ಟೇ. ಬಂದಿದ್ದರು ಅಂದರೆ ಯಾಕೆ ಕೂಗಲಿಲ್ಲ ಅಂತ ಕೇಳುತ್ತಾನಲ್ಲ.

ಮಾರನೆಯ ದಿನ ನಿಂಗಯ್ಯ ಬಸ್ಸಿಳಿದವರೇ ಅರಳಿಕಟ್ಟೆಯ ಹತ್ತಿರ ಶುರು ಮಾಡಿದರು. "ಕ್ಯಾಮ್ರಾದವ್ನು ನನ್ ಮಖದ್ ಮುಂದ್ಕೇ ಬಂದ ಕಣ್ರಪ್ಪಾ! ನಾನು ನಗಾಡ್ದೆ!" ಎಲ್ಲರ ಎದುರು ಸಿದ್ದರಾಜುವೇ ಅಂದ, "ಸುಮ್ನಿರಪ್ಪೋ. ಕಂಬ ಇಡ್ಕಂಡು ನಿಂತಿದ್ದೋನು ನಾನು. ನೀನು ಬರ್ನಿಲ್ವಂತೆ." ನಾನು ಅಲ್ಲೇ ಇದ್ದೆ. ನಿಂಗಯ್ಯ ನನ್ನ ಮುಖ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಆವತ್ತಿಂದ ಅವರು ಟಿವಿ ನಿಂಗಯ್ಯ. "ಏನ್ ನಿಂಗಯ್ಯ, ಇವತ್ತು ಯಾವ್ ಟಿವೀಲಿ ಬತ್ತೀಯೆ?" ಅಂತ ಪಡ್ಡೆ ಹುಡುಗರೂ ಕೇಳುವವರೇ. ಮಾರನೆಯ ವರ್ಷ ತಂಡದವರು ಕರೆದರೂ ಮೈಸೂರಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಅಲ್ಲೂ ಯಾರೋ ಆ ಹೆಸರಿನಿಂದಲೇ ಕರೆದರು, ಪ್ರೀತಿಯಿಂದಲೇ — ಅದು ಇನ್ನೂ ಕಷ್ಟವಾಯಿತು.

ಸಿದ್ದರಾಜು ಈಗ ಟಿ. ನರಸೀಪುರದಲ್ಲಿ ಸರ್ಕಾರಿ ನೌಕರ. ಹೋದ ತಿಂಗಳು ಫೋನಿನಲ್ಲಿ ನಗುನಗುತ್ತಾ ಹೇಳಿದ: "ಮಗ್ಳು ಕೇಳ್ತಾವ್ಳೆ ಕಣ್ಲಾ, ತಾತ ತಮಟೆ ಬಡಿಯೋದು ಒಂದ್ ಫೋಟೋನಾದ್ರೂ ಇಲ್ವಾ ಅಂತ. ಎಲ್ಲಿದ್ದದವ್ವಾ, ಒಂದ್ಸಾರಿ ಟಿವೀಲಿ ಬಂದೆ ಅಂತ ಸುಳ್ಳೇಳ್ಕಂಡು ತಿರುಗ್ತಿದ್ದ ನಿಮ್ ತಾತ ಅಂದೆ."

ಮೊಮ್ಮಗಳಿಗೂ ಸುಳ್ಳು ದಾಟಿತು.

ಕಳೆದ ಭಾನುವಾರ ಅವನ ಮನೆಗೆ ಹೋದೆ. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ — ಪೇಟ, ತಮಟೆ, ನಗು, ಹಲ್ಲು, ಎಲ್ಲಾ. ಅವನು ಬೈಯಲಿಲ್ಲ. ಕೇಳಿದ್ದು ಇಷ್ಟೇ, "ಎಷ್ಟೊತ್ತು ತೋರುಸ್ದ್ರು?"

"ಹತ್ತು ಎಣ್ಸೋವಷ್ಟು."

ಅವನ ತುಟಿ ಅಲ್ಲಾಡಿತು. ಒಂದರಿಂದ ಹತ್ತು, ನಿಧಾನಕ್ಕೆ ಎಣಿಸಿದ. ಆಮೇಲೆ, ನನಗೆ ಸಮಾಧಾನ ಹೇಳುವ ಹಾಗೆ, "ಓಗ್ಲಿ ಬುಡ್ಲಾ. ನಾನ್ ಕೈ ಬುಟ್ಟಿದ್ರೆ ಪಿಕ್ಚರೇ ಓಗ್ಬುಡದು. ನೀನಾದ್ರೂ ಏನ್ ಮಾಡೀಯೆ?" ಅಂದ.

ಆ ಸಮಾಧಾನ ತೆಗೆದುಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ಕೂರುವವರೆಗೆ ಅವನ ಮಾತೇ ಸರಿ ಅಂದುಕೊಂಡೂ ಇದ್ದೆ. ಆಮೇಲೆ ಹೊಳೆಯಿತು — ಬಸ್ಸಿಳಿದು ವಾಪಸ್ ಹೋಗಿ ಅವನ ಬಾಗಿಲಲ್ಲಿ ನಿಂತು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಮೆರವಣಿಗೆ ಶುರುವಾದಾಗಲೇ ನಾನು ಎದ್ದು ಹಿತ್ತಲಿಗೆ ಹೋಗಿ ಆ ಕಂಬ ಹಿಡಿದುಕೊಳ್ಳಬಹುದಿತ್ತು. ಅವನು ಕಿಟಕಿಯಲ್ಲಿ ನಿಂತು ಅವರಪ್ಪನನ್ನು ನೋಡಬಹುದಿತ್ತು. ನನಗೂ ಎರಡು ಕೈ ಇದ್ದವು. ಮೂವತ್ತು ವರ್ಷ ಆ ಸುಳ್ಳಿನ ಬಗ್ಗೆ ಯೋಚಿಸಿದ್ದೇನೆ. ಕಂಬವನ್ನು ನಾನೂ ಹಿಡಿಯಬಹುದಿತ್ತು ಅನ್ನುವುದು ಒಂದು ಸಾರಿಯೂ ತಲೆಗೆ ಬಂದಿರಲಿಲ್ಲ.