ಮಂಡಿನೋವಿಗೆ ಅಟ್ಟೆ ಕೊಯ್ಯುವ ಹುಲಗೇಶ

ಬೆಳಗಿನ ಆರಕ್ಕೇ ಹುಲಗೇಶ ಹೈದರಾಬಾದಿನ ಗಚ್ಚಿಬೌಲಿಯ ಒಂದು ಬಸ್ ಸ್ಟಾಪಿನಲ್ಲಿ ನಿಂತಿದ್ದಾರೆ. ಇಳಿಯುವ ಒಬ್ಬೊಬ್ಬರ ಕಾಲನ್ನೂ ನೋಡುತ್ತಾರೆ. ನೀಲಿ ಕ್ಯಾನ್ವಾಸ್ ಬೂಟು ಕಂಡರೆ ಮುಂದೆ ನುಗ್ಗುತ್ತಾರೆ. ಮುಖ ನೋಡಿ ಹಿಂದೆ ಸರಿಯುತ್ತಾರೆ. ಇದು ಮೂರನೆಯ ಬೆಳಗು, ಮೂರನೆಯ ಸ್ಟಾಪು. ಅವರು ಹುಡುಕುತ್ತಿರುವ ನೀಲಿ ಬೂಟಿನ ಪಾರ್ವತೆಮ್ಮ ಈ ಕಡೆಯ ಯಾವುದೋ ಕಂಪನಿಯ ಮೆಟ್ಟಿಲು ಒರೆಸುತ್ತಾರೆ, ಅಷ್ಟೇ ಗೊತ್ತು. ಗಾಜಿನ ಕಟ್ಟಡಗಳು ದಿನಕ್ಕೊಂದರಂತೆ ಏಳುತ್ತಿರುವ ಇಲ್ಲಿ ಯಾವ ಗೇಟಿನಲ್ಲಿ ಕೇಳುವುದು?

ಶಹಾಪುರ ಕಡೆಯ ಹುಲಗೇಶ ಹೈದರಾಬಾದಿನಲ್ಲಿ ಚಪ್ಪಲಿ ಹೊಲಿಯತೊಡಗಿ ಹದಿನೆಂಟು ವರ್ಷ. ಮಂಡಿ ಸವೆದವರ ಬೂಟಿನೊಳಗೆ ಹಾಕುವ ಅಟ್ಟೆ ಮಾಡಲು ಮೂಳೆ ಡಾಕ್ಟರೊಬ್ಬರು ಕಲಿಸಿದರು. ಮಂಡಿಯ ಒಳಬದಿ ಸವೆದಿದ್ದರೆ ಅಟ್ಟೆಯ ಹೊರಅಂಚು ತುಸು ಎತ್ತರವಿರಬೇಕು. ಭಾರ ಸರಿದು ಕೆಲವರಿಗೆ ನೋವು ತಗ್ಗುತ್ತದೆ. ಡಾಕ್ಟರ ಚೀಟಿಯಿಲ್ಲದೆ ಅವರು ರಬ್ಬರಿಗೆ ಕತ್ತಿ ಹಚ್ಚುವುದಿಲ್ಲ. ದಿನಕ್ಕೆ ಎರಡು ಜೊತೆ, ಹೆಚ್ಚೆಂದರೆ ಮೂರು. "ಒಂದು ನೂಲಿನಷ್ಟು ಹೆಚ್ಚುಕಮ್ಮಿ ಆದ್ರೂ ಕಾಲು ಸುಮ್ನಿರಂಗಿಲ್ಲರಿ."

ಮೂರು ದಿನದ ಹಿಂದೆ ಪಾರ್ವತೆಮ್ಮ ಡ್ಯೂಟಿಗೆ ತಡವಾಯಿತೆಂದು ಅವಸರಿಸಿದ್ದರು. ಅಟ್ಟೆ ಹಾಕಿಕೊಂಡು ಹೋದ ಮೇಲೆ, ಆಕೆಯ ಪಾದದ ಅಚ್ಚು ತೆಗೆದ ಕಾಗದ ಹುಲಗೇಶರ ಕಣ್ಣಿಗೆ ಬಿತ್ತು. ಗುರುತು ಹೊರಅಂಚಿಗಿತ್ತು. ಎತ್ತರಿಸುವ ರಬ್ಬರ್ ಪಟ್ಟಿ ಅಂಟಿಸಿದ್ದು ಒಳಅಂಚಿಗೆ.

"ನೋವು ಕಡಿಮಿ ಆಗ್ಲಿ ಅಂತ ಬಂದಾಕಿಗೆ ನಾನ ನೋವು ಕಟ್ಟಿ ಕಳ್ಸಿದ್ದೆ."

ಆರೂವರೆಯ ಬಸ್ಸಿನಿಂದ ಕಂಬಿ ಹಿಡಿದು ಒಬ್ಬಾಕೆ ಇಳಿಯುತ್ತಾರೆ. ಹುಲಗೇಶ ಓಡುತ್ತಾರೆ.

"ಯಕ್ಕಾ, ಮೊದ್ಲ ಬೂಟ್ ಬಿಚ್ರಿ!"

"ಭಾಳ ನೋಯಾಕತ್ತೈತಿ ಅಣ್ಣಾ. ಗುಣ ಆಗೋ ಮುಂದ ಹಿಂಗ ಇರ್ತೈತೇನೋ ಅಂತ ತಡ್ಕೊಂಡೀನಿ."

"ತಪ್ಪು ನಂದೈತ್ರಿ. ಉಲ್ಟಾ ಅಂಟ್ಸೀನಿ."

"ಮೂರು ದಿನ ಹಲ್ಲು ಕಚ್ಚಿ ಮೆಟ್ಲ ಹತ್ತೀನಿ. ಕುಂಟೋದು ಕಂಡ್ರ ಸೂಪರ್‌ವೈಸರ್ ನಾಳಿಂದ ಬರಬ್ಯಾಡ ಅಂತಾನ" ಎನ್ನುತ್ತ ಪಾರ್ವತೆಮ್ಮ ಫುಟ್‌ಪಾತಿನ ಮೇಲೆ ಕುಸಿದು ಕೂರುತ್ತಾರೆ.

ಮೂರು ದಿನದಿಂದ ಚೀಲದಲ್ಲೇ ಇರುವ ಹೊಸ ಜೊತೆಯನ್ನು ಹುಲಗೇಶ ಬೂಟಿನೊಳಗೆ ಕೂರಿಸುತ್ತಾರೆ. ಪಾರ್ವತೆಮ್ಮ ಎದ್ದು ನಡೆಯುತ್ತಾರೆ, ತಿರುಗಿ ಬರುತ್ತಾರೆ, ಮತ್ತೆ ನಡೆಯುತ್ತಾರೆ.

"ಹ್ಯಾಂಗೈತ್ರಿ?"

"ನೋವು ಹೋಗಿಲ್ಲ. ಚುಚ್ಚೋದು ನಿಂತೈತಿ."

ಅದನ್ನು ಕೇಳಿಯೂ ಹುಲಗೇಶರಿಗೆ ಸಮಾಧಾನವಿಲ್ಲ. ವಾರದೊಳಗೆ ಡಾಕ್ಟರಿಗೆ ತೋರಿಸಲು ಹೇಳಿ, ಕಂಪನಿಯ ಗೇಟಿನವರೆಗೂ ಆಕೆಯ ಹೆಜ್ಜೆ ನೋಡುತ್ತ ಹಿಂದೆಯೇ ಹೋಗುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಹುಲಗೇಶ ಹೇಳುತ್ತಾರೆ: "ನನ್ನ ಡಬ್ಬಾ ಅಂಗಡಿ ಮುಂದ ಕಾರು ನಿಲ್ಲಿಸ್ತಾರ್ರಿ. ಹತ್ತು ಹೆಜ್ಜಿ ಜಾಗ ಬಿಟ್ರ ಸಾಕು. ಇನ್ನ ಮ್ಯಾಲ ಒಬ್ಬೊಬ್ಬರನ್ನೂ ನಡಿಸಿ, ನೋಡೇ ಕಳಿಸ್ತೀನಿ."