ಕಾನ್ವೆಂಟಿಗೆ ಹೋಗದ ಸಿಸ್ಟರಮ್ಮ

ಬೀದಿಯವರೆಲ್ಲ ಅವಳನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಓರಗೆಯ ಹುಡುಗಿಯರು ಮದುವೆಯ ಮಾತಾಡುವ ವಯಸ್ಸಿನಲ್ಲಿ ಇವಳು ಕ್ರೈಸ್ತ ಸನ್ಯಾಸಿನಿಯರಂತೆ ತಲೆಗೆ ಬಿಳಿ ಟವೆಲು ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತದ್ದನ್ನು ಯಾರೋ ನೋಡಿ ಇಟ್ಟ ಹೆಸರು. ಅವಳಿಗೇನೂ ಬೇಸರವಿರಲಿಲ್ಲ. ಕಾನ್ವೆಂಟು ಸೇರಿ ದೇವರ ಸೇವೆಗೆ ನಿಲ್ಲಬೇಕೆಂಬುದೊಂದೇ ಅವಳ ಆಸೆ. ಅಲ್ಲಿನ ಮುಖ್ಯಸ್ಥೆ ಮದರ್ ಒಪ್ಪಿಯೂ ಆಗಿತ್ತು, ಹೊರಡುವುದಷ್ಟೇ ಬಾಕಿ. ಆ ವಾರವೇ ಅಪ್ಪ ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಅಮ್ಮ ಎಂದೋ ತೀರಿಕೊಂಡಿದ್ದಳು. ದೂರದಲ್ಲಿದ್ದ ಅಣ್ಣ ಬಂದು ನೋಡಿ, "ಎಲ್ಲಾ ದೇವರ ಚಿತ್ತ ಕಣಮ್ಮ. ನೀನಿದ್ದೀಯಲ್ಲ, ನಂಗದೇ ಧೈರ್ಯ," ಎಂದವನು ಸಂಜೆಯ ಬಸ್ಸಿಗೇ ವಾಪಸು ಹೋದ. ದೇವರ ಚಿತ್ತ ಅಣ್ಣನಿಗೆ ಎಷ್ಟು ಬೇಗ ತಿಳಿದುಬಿಟ್ಟಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಇದ್ದದ್ದು ಒಂದೇ ಕೋಣೆ. ಅಪ್ಪನ ಮಂಚಕ್ಕೂ ಬಾಗಿಲಿಗೂ ನಡುವೆ ಅವಳ ಹೊಲಿಗೆ ಮಿಷನ್ನು. ಶಾಲೆಯ ಸಮವಸ್ತ್ರ ಹೊಲಿದು ಮನೆ ನಡೆಸುತ್ತಿದ್ದಳು. ಮಿಷನ್ನಿನ ಸದ್ದು ಕೇಳುವಷ್ಟು ಹೊತ್ತು ಅಪ್ಪ ಸುಮ್ಮನಿರುತ್ತಿದ್ದರು, ನಿಂತಿತೋ, "ಎಲ್ಲಿಗೆ ಹೊರಟೆ?" ಎನ್ನುತ್ತಿದ್ದರು. ಒಮ್ಮೊಮ್ಮೆ ಅವಳು ಬಟ್ಟೆಯೇ ಇಲ್ಲದೆ ಬರೀ ಪೆಡಲು ತುಳಿಯುತ್ತ ಕೂರುತ್ತಿದ್ದಳು. ತನ್ನ ಪಾಡಿಗೆ ತಾನಿರಲು ಅವಳಿಗೆ ಸಿಗುತ್ತಿದ್ದ ಬಿಡುವು ಅಷ್ಟೇ.

ಹೀಗೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಮದರ್ ಹೇಳಿಕಳಿಸಿದರು. ಅಪ್ಪ ನಿದ್ದೆಹೋದ ಮೇಲೆ ಓಡಿದಳು.

"ವಯಸ್ಸು ಮೀರ್ತಾ ಬಂತು ಮಗಳೇ. ನಿನಗೋಸ್ಕರ ಇನ್ನು ಕಾಯೋಕಾಗಲ್ಲ," ಎಂದರು ಮದರ್.

"ನಾನು ಗಂಡ ಬೇಕು ಅನ್ಲಿಲ್ಲ, ಒಡವೆ ಬೇಕು ಅನ್ಲಿಲ್ಲ. ದೇವರ ಸೇವೆ ಮಾಡ್ತೀನಿ ಅಂದೆ. ಅದನ್ನೂ ಬಿಡ್ಬೇಕಾ? ಅವನು ಕರೀತಿರೋದು ಸುಳ್ಳಾ?"

ಮದರ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಕರೀತಿರೋದು ನಿಜಾನೇ ಇರಬಹುದು. ಎಲ್ಲಿಗೆ ಅಂತ ಕೇಳಿದ್ಯಾ?"

ಅವಳು ಹೋಗಿಬರುತ್ತೇನೆಂದೂ ಹೇಳದೆ ಎದ್ದು ಬಂದಳು.

ಮನೆಯಲ್ಲಿ ಅಪ್ಪನ ಹಾಸಿಗೆ ಒದ್ದೆಯಾಗಿತ್ತು. ಬಟ್ಟೆ ಬದಲಿಸಿದಳು. ಗಂಜಿ ಕುಡಿಸಲು ಹೋದರೆ ಅಪ್ಪ ಎಡಗೈಯಿಂದ ಬಟ್ಟಲು ತಳ್ಳಿಬಿಟ್ಟರು. ನೆಲ ಒರೆಸುತ್ತಿದ್ದವಳು ಅಲ್ಲೇ ಮೊಣಕಾಲೂರಿದಳು. 'ನಿನ್ನ ಚಿತ್ತದಂತೆಯೇ ಆಗಲಿ' ಎಂದು ಚಿಕ್ಕಂದಿನಿಂದ ಗಿಣಿಪಾಠ ಒಪ್ಪಿಸಿದವಳಿಗೆ ಈಗ ಅದು ಬಾಯಿಗೇ ಬರಲಿಲ್ಲ. "ನಂಗೆ ಇಲ್ಲಿರೋಕೆ ಇಷ್ಟ ಇಲ್ಲ," ಎಂದಳು ಮೊದಲು. ಅಷ್ಟು ನಿಜವಾದ ಪ್ರಾರ್ಥನೆಯನ್ನು ಅವಳು ಎಂದೂ ಮಾಡಿರಲಿಲ್ಲ. ಬಹಳ ಹೊತ್ತಾದ ಮೇಲೆ, ಹಲ್ಲು ಕಚ್ಚಿಕೊಂಡು, ಬಾಯಿಗೆ ಬಾರದಿದ್ದ ಆ ಇನ್ನೊಂದು ಮಾತನ್ನೂ ಹೇಳಿದಳು.

"ಯಾರ ಹತ್ರ ಮಾತಾಡ್ತಿದ್ದೀಯ?" ಅಪ್ಪ ಕೇಳಿದರು.

"ದೇವರ ಹತ್ರ."

"ಏನಂತಾನೆ?"

"ಇಲ್ಲೇ ಇರು ಅಂತಾನೆ."

ಅಪ್ಪ ಸೂರನ್ನೇ ನೋಡುತ್ತಿದ್ದರು. "ನಂಗೂ ಅದನ್ನೇ ಹೇಳ್ತಾನೆ," ಎಂದರು.

ಈ ಕೋಣೆಯಲ್ಲಿ ಅವರೂ ಸಿಕ್ಕಿಬಿದ್ದವರೇ ಎಂಬುದು ಅವಳಿಗೆ ಅದುವರೆಗೆ ಹೊಳೆದಿರಲಿಲ್ಲ.

ಅಪ್ಪ ಮತ್ತೂ ಬಹಳ ಕಾಲ ಬದುಕಿದರು. ಅವರ ಸಿಡುಕು ತಗ್ಗಲಿಲ್ಲ, ಅವಳ ಉಸಿರುಕಟ್ಟುವಿಕೆಯೂ ಹೋಗಲಿಲ್ಲ. ಬೆಳಗಾದರೆ ಅದೇ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಕೆಲವು ದಿನ ಬಾಯಿಗೆ ಬರುತ್ತಿತ್ತು, ಕೆಲವು ದಿನ ಇಲ್ಲ. ಬಾರದ ದಿನ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, "ಇವತ್ತು ನೀವೇ ಹೇಳಿಬಿಡಿ ಅಪ್ಪಾ, ನನ್ನಿಂದ ಆಗಲ್ಲ," ಎನ್ನುತ್ತಿದ್ದಳು. ಅವರು ತೊದಲುತ್ತ, ಇಬ್ಬರ ಪರವಾಗಿಯೂ ಹೇಳುತ್ತಿದ್ದರು.