ಪ್ಲೋವರ್ ಬೀದಿಯ ಹಸಿ ಗೋಡೆ

ವಿನಿಫ್ರೆಡ್ ಹೋಲ್ರಾಯ್ಡ್ ಹುಟ್ಟಿದ್ದು ಪ್ಲೋವರ್ ಬೀದಿಯ ಬಾಡಿಗೆ ಮನೆಯಲ್ಲಿ. ಮದುವೆಯಾದ ಮೇಲೂ ಅಲ್ಲೇ ಉಳಿದಳು, ವಿಧವೆಯಾದದ್ದೂ ಅಲ್ಲೇ. ಉಣ್ಣೆ ಗಿರಣಿಯಲ್ಲಿ ನೇಯ್ದ ಬಟ್ಟೆಯ ತಪ್ಪೆಳೆ ಹುಡುಕಿ ಸರಿಪಡಿಸುವುದು ಅವಳ ಕೆಲಸ. ಕಣ್ಣಿಗೆ ಬಿದ್ದ ತಪ್ಪನ್ನು ಹಾಗೇ ಬಿಡುವ ಜಾಯಮಾನ ಅವಳದಲ್ಲ.

ಆ ಬೀದಿಯ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದರ ಹಿಂಗೋಡೆಯೇ ಇನ್ನೊಂದರ ಹಿಂಗೋಡೆ. ಕೆಳಗೊಂದು ಕೋಣೆ, ಮೇಲೊಂದು, ಅದರ ಮೇಲೆ ಅಟ್ಟ. ಕಕ್ಕಸು ಸಾಲಿನ ತುದಿಯಲ್ಲಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಕೂಲಿಗಳನ್ನು ತುರುಕಲು ಯಾರೋ ಲಾಭಕೋರರು ಕಟ್ಟಿದ್ದು. ಅದನ್ನು ಮನೆ ಮಾಡಿದವರು ಹೆಂಗಸರು. ದಿನಾ ಬೆಳಿಗ್ಗೆ ಮೊಣಕಾಲೂರಿ ಮೆಟ್ಟಿಲು ಉಜ್ಜಿ, ಅಂಚಿಗೆ ಹಳದಿ ಕಲ್ಲಿನಿಂದ ಗೆರೆ ಎಳೆಯದವಳನ್ನು ಬೀದಿ ಕ್ಷಮಿಸುತ್ತಿರಲಿಲ್ಲ.

ಹಳೆಯ ಬೀದಿಗಳನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸುವ ಹುರುಪು ಯಾರ್ಕ್‌ಶೈರಿನ ಊರೂರಿಗೂ ಹತ್ತಿದ್ದ ಕಾಲ ಅದು. ೧೯೬೭ರ ಮಾರ್ಚಿನಲ್ಲಿ ನಗರಸಭೆಯ ಅಧಿಕಾರಿ ಮನೆ ಪರೀಕ್ಷೆಗೆ ಬರುತ್ತಾನೆಂಬ ಸುದ್ದಿ ಬಂತು. ಬರುವವನು ತಮ್ಮನ್ನು ಕೊಳಕರೆನ್ನಬಾರದು ಎಂದು ಬೀದಿಗೆ ಬೀದಿಯೇ ಸೆರಗು ಬಿಗಿಯಿತು. ನೆಲ ತೊಳೆದರು, ಗೋಡೆ ತೊಳೆದರು, ಅಂಟು ಕಲಸಿ ಹೊಸ ಬಣ್ಣದ ಕಾಗದ ಅಂಟಿಸಿದರು.

ಪಕ್ಕದ ಮನೆಯ ಐಡಾ ಸಗ್ಡೆನ್ ಇಣುಕಿ ನೋಡಿದಳು. “ಗುಲಾಬಿ ಹೂವಿನ ಕಾಗದವೇನೇ ವಿನ್ನಿ? ಬರೋನು ಆಫೀಸರ್ ಕಣೇ, ನಿನ್ನ ನೋಡೋಕೆ ಬರೋ ಗಂಡಲ್ಲ.”

“ಸುಮ್ನಿರೇ, ನೀನು ಮಾಳಿಗೆ ತನಕ ತೊಳೆದಿದ್ದೀಯ. ಬರೋನು ನಿನ್ನ ಬೀಗನಾ?”

ಅಧಿಕಾರಿಯ ಹೆಸರು ಪ್ರಿಚರ್ಡ್. ಬೂಟು ಒರೆಸದೆ ಒಳಗೆ ಬಂದ. ತೇವ ಅಳೆಯುವ, ಎರಡು ಸೂಜಿಗಳ ಪುಟ್ಟ ಯಂತ್ರವೊಂದನ್ನು ಗುಲಾಬಿ ಹೂವಿನ ನಡುವೆ ಚುಚ್ಚಿದ, ಅದರ ಮುಳ್ಳು ಓಲಾಡುವುದನ್ನು ನೋಡಿದ, ಮಹಡಿಯನ್ನೂ ಹತ್ತದೆ, “ಇಷ್ಟು ಸಾಕು ತಾಯಿ” ಎಂದು ಹೊರಟ. ಉರಿಯುತ್ತಿದ್ದ ಒಲೆಯನ್ನಾಗಲಿ, ಮಿರುಗುತ್ತಿದ್ದ ಹಿತ್ತಾಳೆಯನ್ನಾಗಲಿ ಅವನು ನೋಡಲಿಲ್ಲ.

ಬೇಸಿಗೆಯಲ್ಲಿ ತೀರ್ಮಾನ ಬಂತು: ಗೋಡೆಗಳಲ್ಲಿ ತೇವ, ಸಾಲಿನ ಮನೆಗಳು ಮನುಷ್ಯವಾಸಕ್ಕೆ ಅಯೋಗ್ಯ. ಗೋಡೆ ಒಣಗಿದೆ ಎಂದು ಗುರುತಾದದ್ದು ಒಂದೇ ಮನೆಯಲ್ಲಿ. ಅದು ಲೆನಾ ಟಾರ್ಡಾಫಳ ಮನೆ. ಲೆನಾ ಜನ್ಮದಲ್ಲಿ ಪೊರಕೆ ಹಿಡಿದವಳಲ್ಲ.

“ಅಯ್ಯೋ, ನಾವೇ ಒದ್ದೆ ಮಾಡಿದ್ವಲ್ಲೇ! ಹಸಿ ಅಂಟಿಗೆ ಚುಚ್ಚಿದಾನೆ ಅವನು,” ಎಂದು ಐಡಾ ನಗತೊಡಗಿದಳು. ಅರ್ಧಕ್ಕೆ ನಗು ನಿಂತಿತು.

ವಿನಿಫ್ರೆಡ್‌ಗೆ ನಗು ಬರಲಿಲ್ಲ. ತಾನು ಬಾಳಿದ ಮನೆ ಮನುಷ್ಯರಿಗೆ ತಕ್ಕದ್ದಲ್ಲವಂತೆ. ಹಾಗಾದರೆ ಇಷ್ಟು ವರ್ಷ ಅಲ್ಲಿ ಬಾಳಿದವರು ಯಾರು? ಪ್ರಾರ್ಥನಾ ಮಂದಿರದ ಪಕ್ಕದ ಸಭಾಂಗಣದಲ್ಲಿ ಆಕ್ಷೇಪಣೆ ಕೇಳಲು ಲಂಡನ್ನಿನಿಂದ ವಿಚಾರಣಾಧಿಕಾರಿ ಬಂದಾಗ ಟೋಪಿ ಇಟ್ಟುಕೊಂಡು ಹೋಗಿ ಎದ್ದು ನಿಂತಳು.

“ಆಫೀಸರ್ ಬರ್ತಾರಂತ ಗೋಡೆ ತೊಳೆದಿದ್ವಿ ಸ್ವಾಮಿ. ಮೈ ತೊಳ್ಕೊಂಡು ಬಂದವಳನ್ನ ಇವಳು ಯಾವಾಗ್ಲೂ ಒದ್ದೆ ಅಂತ ಬರ್ಕೊಂಡ್ರೆ ಹೇಗೆ? ಈಗ ಬನ್ನಿ. ಈಗ ಚುಚ್ಚಿ.”

ಸಭೆ ಘೊಳ್ಳೆಂದಿತು. ಪ್ರಿಚರ್ಡನ ಕಿವಿ ಕೆಂಪಾಯಿತು. ವಿಚಾರಣಾಧಿಕಾರಿ ಅವಳ ಮನೆಗೆ ಬಂದು ಕೆಳಗಿನ ಕೋಣೆಯ ಗೋಡೆಗೆ ತಾನೇ ಚುಚ್ಚಿ ನೋಡಿದ. ಗೋಡೆ ಒಣಗಿ ಗರಿಗರಿಯಾಗಿತ್ತು.

ಎಲೆ ಉದುರುವ ಹೊತ್ತಿಗೆ ನಗರಸಭೆಯಿಂದ ಕರೆ ಬಂತು; ವಿನಿಫ್ರೆಡ್ ಕಚೇರಿಗೆ ಹೋದಳು.

“ನಿಮ್ಮ ಮನೆ ವಾಸಕ್ಕೆ ಯೋಗ್ಯ ಅಂತ ಆಗಿದೆ, ಮಿಸೆಸ್ ಹೋಲ್ರಾಯ್ಡ್,” ಎಂದ ಪ್ರಿಚರ್ಡ್.

“ಆಗದೆ ಏನು! ಹಾಗಾದ್ರೆ ನಾನು ಅಲ್ಲೇ ಇರ್ತೀನಿ.”

“ಅದಾಗಲ್ಲ. ಅಕ್ಕಪಕ್ಕದ್ದು, ಹಿಂದಿನದು ಕೆಡವಿದ್ರೆ ನಿಮ್ಮದೊಂದು ನಿಲ್ಲೋದು ಹೇಗೆ? ಅದನ್ನೂ ಕೆಡವ್ತೀವಿ.”

“ಮತ್ತೆ ಯೋಗ್ಯ ಅಂದಿದ್ದು ಯಾವ ಭಾಗ್ಯಕ್ಕೆ?”

“ಪರಿಹಾರಕ್ಕೆ. ಅಯೋಗ್ಯ ಮನೆಯಾದ್ರೆ ಬರೀ ಜಾಗದ ಬೆಲೆ. ಯೋಗ್ಯವಾದ್ರೆ ಕಟ್ಟಡದ್ದೂ ಸೇರಿ ಪೂರ್ತಿ ಬೆಲೆ.”

“ಯಾರಿಗೆ?”

“ಮಾಲೀಕರಿಗೆ.”

ಇದಕ್ಕೆ ನ್ಯಾಯ ಎಂದು ಹೆಸರು. ಮನೆಯನ್ನು ಮನೆಯಾಗಿ ಉಳಿಸಿದವಳಿಗೆ ಊರಾಚೆಯ ಕಟ್ಟಡದ ಒಂಬತ್ತನೇ ಅಂತಸ್ತು; ಬಾಡಿಗೆ ಎಣಿಸುವುದಕ್ಕಲ್ಲದೆ ಬೀದಿಗೆ ಕಾಲಿಡದವನಿಗೆ ಪೂರ್ತಿ ಬೆಲೆ.

ಆ ವಾರವೇ ಮಾಲೀಕ ಕ್ಲೆಗ್ ಚಾಕೊಲೇಟ್ ಡಬ್ಬಿ ಹಿಡಿದು ಬಂದ. “ಎಂಥ ಧೈರ್ಯ ಕಣಮ್ಮ ನಿಮ್ಮದು! ನಿಮ್ಮ ಉಪಕಾರ ಮರೆಯೋಲ್ಲ.”

ವಿನಿಫ್ರೆಡ್ ಡಬ್ಬಿ ಮುಟ್ಟಲಿಲ್ಲ. “ಮೇಲೆ ಬನ್ನಿ,” ಎಂದು ಮಲಗುವ ಕೋಣೆಗೆ ಕರೆದೊಯ್ದಳು. ಕಿಟಕಿಯ ಚೌಕಟ್ಟು ಕೊಳೆತು, ಮುಚ್ಚಲಾಗದೆ, ಸಂದಿಗೆ ಹಳೆಯ ಕಾಲುಚೀಲ ತುರುಕಿತ್ತು. “ನನ್ನ ಗಂಡ ಕ್ಲಿಫರ್ಡ್ ಬದುಕಿದ್ದಾಗಿಂದ ಇದನ್ನ ಹೇಳ್ತಾ ಬಂದಿದ್ದೀವಿ.”

“ಕೆಡವೋ ಮನೆಗೆ ಇನ್ನೇನು ರಿಪೇರಿ ತಾಯಿ?” ಕ್ಲೆಗ್ ನಕ್ಕ.

“ಯೋಗ್ಯವಾದ ಮನೆ ರೀ ಇದು. ಕಿಟಕಿ ಮುಚ್ಚದ ಮನೆ ಹೇಗೆ ಯೋಗ್ಯವಾಗುತ್ತೆ ಅಂತ ನಾಳೆ ಆಫೀಸಿಗೆ ಹೋಗಿ ಕೇಳ್ತೀನಿ. ಮೇಲೆ ಹತ್ತಿ ಯಾರೂ ನೋಡಿಲ್ಲ. ಕರ್ಕೊಂಡು ಬಂದು ತೋರಿಸ್ತೀನಿ.”

ಕ್ಲೆಗ್‌ನ ಮುಖ ಇಂಗು ತಿಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಬಡಗಿ ಬಂದು ಹೊಸ ಮರದ ಚೌಕಟ್ಟು ಕೂರಿಸಿ, ಗಾಜು ಹಾಕಿ, ಬಣ್ಣ ಬಳಿದು ಹೋದ. ವಿನಿಫ್ರೆಡ್ ಪಕ್ಕದಲ್ಲೇ ನಿಂತು, ಎರಡನೇ ಸಲ ಬಣ್ಣ ಹಚ್ಚಿಸಿಯೇ ಬಿಟ್ಟಳು. ಆ ಚಳಿಗಾಲ ಆ ಕೋಣೆಯಲ್ಲಿ ಗಾಳಿ ನುಗ್ಗಲಿಲ್ಲ. ಏಪ್ರಿಲಿನಲ್ಲಿ ಸಾಲನ್ನು ಕೆಡವಿದರು.